ಶನಿವಾರ–ಭಾನುವಾರದ ಕೊಲ್ಹಾಪುರ

ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯ ಮನೆಗಳಲ್ಲಿ ಎರಡು ದಿನದ ರಜೆ ಸಿಕ್ಕಾಗ ಸಿದ್ಧವಾಗುವ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ. ಶನಿವಾರ ನಸುಕಿನಲ್ಲಿ ಕ್ರೂಸರ್ ಗಾಡಿ ಮನೆಮುಂದೆ ಬಂದು ನಿಲ್ಲುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟವರು ಮೊದಲು ಕಣೇರಿ ಮಠ ನೋಡುತ್ತಾರೆ. ಮಧ್ಯಾಹ್ನ ಕೊಲ್ಹಾಪುರ ಮುಟ್ಟಿ ಮಹಾಲಕ್ಷ್ಮಿಯ ಗುಡಿಯಲ್ಲಿ ಪಾಳಿ ಹಚ್ಚುತ್ತಾರೆ. ಸಂಜೆ ರಂಕಾಳಾ ಕೆರೆಯ ದಂಡೆ, ರಾತ್ರಿ ತಾಂಬಡಾ–ಪಾಂಢರಾ ರಸ್ಸಾದ ಊಟ, ಆಮೇಲೆ ಲಾಡ್ಜು. ಭಾನುವಾರ ಜ್ಯೋತಿಬಾ, ಪನ್ಹಾಳ, ಅಲ್ಲಿಂದ ಇಳಿದು ನರಸೋಬಾವಾಡಿ, ಹೊತ್ತು ಉಳಿದರೆ ಖಿದ್ರಾಪುರ. ಮನೆ ಸೇರುವಾಗ ನಡುರಾತ್ರಿ. ಸಾಂಗಲಿ–ಮೀರಜ್ ಭಾಗದ ಕನ್ನಡ ಮನೆಗಳವರಾದ ನಾವೂ ಇದೇ ಪಟ್ಟಿಯನ್ನು ಹಿಂದುಮುಂದು ಮಾಡಿಕೊಂಡು ಹೊರಡುತ್ತೇವೆ. ಕೃಷ್ಣೆಯ ದಂಡೆಯ ಕಸಬೆ ಡಿಗ್ರಜದಲ್ಲಿ ಬೀಗರು ಬಂದಿಳಿದರೆ ಮೊದಲ ಮಾತೇ "ಪನ್ಹಾಳ ಆತು, ಜ್ಯೋತಿಬಾ ಆತು, ಇನ್ನ ವಾಡಿ ಒಂದ ಉಳದೈತಿ" ಎಂಬುದು. ಇಷ್ಟೊಂದು ಕುಟುಂಬಗಳು ತಲೆಮಾರುಗಳಿಂದ ನೆಚ್ಚಿಕೊಂಡಿರುವ ಈ ಪಟ್ಟಿಯ ಗುಣದೋಷಗಳನ್ನು ಕೂತು ನೋಡುವುದು ಅಗತ್ಯ.

ಮೊದಲು ಗುಣ ಹೇಳಬೇಕು. ವರ್ಷಕ್ಕೊಮ್ಮೆ ಮನೆ ಬಿಟ್ಟು ಹೊರಬರುವ ಮುದುಕಿಗೆ ಈ ಪಟ್ಟಿಯಲ್ಲಿ ಅಂಬಾಬಾಯಿ ಮಹಾಲಕ್ಷ್ಮಿ ಸಿಗುತ್ತಾಳೆ, ನರಸೋಬಾವಾಡಿಯ ದತ್ತನ ಪಾದುಕೆ ಸಿಗುತ್ತವೆ. ಮಕ್ಕಳಿಗೆ ಕೋಟೆ, ಗಂಡಸರಿಗೆ ಊಟ, ಹೊಸದಾಗಿ ಮದುವೆಯಾದವರಿಗೆ ಕೆರೆಯ ದಂಡೆ. ಹತ್ತು–ಹನ್ನೆರಡು ಜನರ ಒಟ್ಟು ಕುಟುಂಬದಲ್ಲಿ ಯಾರೊಬ್ಬರೂ ಬೇಸರಪಡದ ಹಾಗೆ ಹೆಣೆದ ಪಟ್ಟಿ ಇದು. ಅಂಗಡಿ ನಡೆಸುವವರು, ಕಬ್ಬು ಕಡಿಸುವವರು, ಶಾಲೆಯಲ್ಲಿ ಕಲಿಸುವವರು ಎಲ್ಲರೂ ಒಂದೇ ಸಲ ಬಿಡುವಾಗುವುದು ಅಪರೂಪ. ಬಿಡುವಾದಾಗ ಆದಷ್ಟೂ ನೋಡಿಬಿಡೋಣ ಎಂಬ ಅವರ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ಆದರೆ ಪಟ್ಟಿ ಹೀಗೆ ಉದ್ದವಾಗಲು ಆಸೆಯೊಂದೇ ಕಾರಣವಲ್ಲ. ಬಾಡಿಗೆ ಗಾಡಿಗಳ ಲೆಕ್ಕವೂ ಇದರೊಳಗಿದೆ. ಹೊರಊರಿಗೆ ಹೊರಡುವ ಗಾಡಿಗೆ ದಿನಕ್ಕೆ 250ರಿಂದ 300 ಕಿಲೋಮೀಟರ್ ಕನಿಷ್ಠವೆಂದು ಹಿಡಿಯುವುದು ಎಲ್ಲ ಕಡೆಯ ರೂಢಿ. ಓಡಿಸಿದರೂ ಓಡಿಸದಿದ್ದರೂ ಅಷ್ಟರ ರೊಕ್ಕ ಕೊಡಲೇಬೇಕು. ಬೆಳಗಾವಿಯಿಂದ ಕೊಲ್ಹಾಪುರ ಸುಮಾರು 110 ಕಿಲೋಮೀಟರ್. ಉಳಿದದ್ದನ್ನು ತುಂಬಿಸಲು ಊರುಗಳನ್ನು ಸೇರಿಸುತ್ತಾರೆ. ಹೀಗೆ ಭಾನುವಾರ ಒಂದೇ ದಿನ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ ಸಾಗುತ್ತದೆ. ದಣಿವಾರಿಸಿಕೊಳ್ಳಲು ಹೊರಟವರು ಹಗಲಿನ ದೊಡ್ಡ ಪಾಲನ್ನು ಗಾಡಿಯ ಸೀಟಿನಲ್ಲೇ ಕಳೆಯುತ್ತಾರೆ. ಈ ಯೋಜನೆಯ ಮೂಲದೋಷ ಇಲ್ಲಿದೆ: ಅದು ದೂರವನ್ನು ಎಣಿಸುತ್ತದೆ, ಹೊತ್ತನ್ನು ಎಣಿಸುವುದಿಲ್ಲ. ಯಾವ ಜಾಗಕ್ಕೆ ಯಾವ ಹೊತ್ತು ಬೇಕು, ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಯೇ ಅದರಲ್ಲಿ ಏಳುವುದಿಲ್ಲ.

ಇದರಿಂದ ಅತಿ ಹೆಚ್ಚು ನಷ್ಟವಾಗುವುದು ಪನ್ಹಾಳಕ್ಕೆ. ಕೊಲ್ಹಾಪುರದಿಂದ 20 ಕಿಲೋಮೀಟರ್ ದೂರದಲ್ಲಿ, ಸಹ್ಯಾದ್ರಿಯ ಅಂಚಿನಲ್ಲಿ ನಿಂತ ಈ ಕೋಟೆಯನ್ನು 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದವನು ಶಿಲಾಹಾರರ ಎರಡನೆಯ ಭೋಜ. ಅದರ ಗೋಡೆ ಸುಮಾರು 7 ಕಿಲೋಮೀಟರ್ ಸುತ್ತುತ್ತದೆ. ನಮ್ಮ ಪಟ್ಟಿ ಇದಕ್ಕೆ ಕೊಡುವುದು ಉರಿಬಿಸಿಲಿನ ಎರಡು ಗಂಟೆ. ಆ ಹೊತ್ತಿನಲ್ಲಿ ವಾಹನಗಳ ಸಾಲು, ಭುಟ್ಟಾದ ಗಾಡಿ, ಫೋಟೋ, ಮತ್ತೆ ಇಳಿಜಾರು ಬಿಟ್ಟರೆ ಬೇರೇನೂ ಸಿಗದು. ಅಂಬರಖಾನೆಯ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳ ಒಳಗೆ ನಿಂತು, ಮುತ್ತಿಗೆಯ ತಿಂಗಳುಗಳಲ್ಲಿ ಒಂದು ಕೋಟೆ ಏನು ತಿಂದು ಬದುಕುತ್ತದೆ ಎಂದು ಯೋಚಿಸಲು ಬಿಡುವಿರಬೇಕು. ಅಂಧಾರ್ ಬಾವಡಿಯ ಮೆಟ್ಟಿಲಿಳಿದು, ನೀರನ್ನು ಶತ್ರುವಿನ ಕಣ್ಣಿನಿಂದ ಹೇಗೆ ಕಾಪಾಡಿದರೆಂದು ನೋಡಬೇಕು. ತೀನ್ ದರ್ವಾಜಾ, ಸಜ್ಜಾ ಕೋಠಿ ಇವೆಲ್ಲ ವಿಜಯಪುರದ ಆದಿಲಶಾಹಿಯ ಕೆಲಸ. ಗೋಳಗುಮ್ಮಟ ನೋಡಿ ಬೆಳೆದ ಕನ್ನಡದ ಹುಡುಗರಿಗೆ ಇದು ಪರಊರಿನ ಕಥೆಯೇನಲ್ಲ. ಇಲ್ಲಿಗೆ ಮುತ್ತಿಗೆ ಹಾಕಿದ ಸಿದ್ದಿ ಜೌಹರ ಕೂಡ ಅದೇ ವಿಜಯಪುರದ ಪರವಾಗಿ ಬಂದವನು.

1660ರ ಜುಲೈನಲ್ಲಿ, ನಾಲ್ಕು ತಿಂಗಳ ಮುತ್ತಿಗೆಯ ನಂತರ, ಸುರಿವ ಮಳೆಯ ರಾತ್ರಿಯಲ್ಲಿ ಶಿವಾಜಿ ಈ ಕೋಟೆಯಿಂದ ತಪ್ಪಿಸಿಕೊಂಡು ವಿಶಾಳಗಡದ ದಾರಿ ಹಿಡಿದ. ಅವನ ವೇಷ ಧರಿಸಿ ಪಲ್ಲಕ್ಕಿಯಲ್ಲಿ ಕೂತು ಪ್ರಾಣ ಕೊಟ್ಟವನು ಶಿವಾ ಕಾಶೀದ ಎಂಬ ಕ್ಷೌರಿಕ. ಪಾವನಖಿಂಡಿಯ ಕಣಿವೆಯಲ್ಲಿ ವೈರಿಯನ್ನು ತಡೆದು ಸತ್ತವನು ಬಾಜಿಪ್ರಭು ದೇಶಪಾಂಡೆ. ಆ ದಾರಿಯಲ್ಲೇ ಪ್ರತಿವರ್ಷ ಜುಲೈನಲ್ಲಿ ನೂರಾರು ಯುವಕ–ಯುವತಿಯರು ಪನ್ಹಾಳದಿಂದ ಪಾವನಖಿಂಡಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅವರಿಗೂ ಇರುವುದು ಎರಡೇ ದಿನ. ಕೆಸರು, ಜಿಗಣೆ, ಮಳೆಯ ನಡುವೆ ನಡೆಯುವ ಅವರು ಒಂದೇ ಒಂದು ದಾರಿಯನ್ನು ನೋಡಿ ಬರುತ್ತಾರೆ, ಆದರೆ ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ಎರಡು ದಿನ ಸಾಲದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಪನ್ಹಾಳವೂ ಅದರಲ್ಲಿದೆ. ಅಲ್ಲೇ ಒಂದು ರಾತ್ರಿ ತಂಗಿ, ಬೆಳಗ್ಗೆ ಮಂಜು ಹರಿಯುವ ಹೊತ್ತಿಗೆ ಗೋಡೆಯ ಗುಂಟ ನಡೆಯುವುದೇ ಈ ಕೋಟೆಯನ್ನು ನೋಡುವ ಸರಿಯಾದ ಕ್ರಮ.

ಮಹಾಲಕ್ಷ್ಮಿಯ ಗುಡಿಯ ಬಗ್ಗೆ ಒಂದೇ ಮಾತು. ಶನಿವಾರ–ಭಾನುವಾರದ ಪಾಳಿಯಲ್ಲಿ ಗರ್ಭಗುಡಿಯ ಮುಂದೆ ನಿಲ್ಲಲು ಸಿಗುವುದು ಕ್ಷಣಮಾತ್ರ. ಸಾಧ್ಯವಾದರೆ ವಾರದ ನಡುವೆ ಹೋಗಿ. ನವೆಂಬರಿನಲ್ಲಿ, ಮತ್ತೆ ಜನವರಿ ಕೊನೆಗೆ ಮುಳುಗುವ ಸೂರ್ಯನ ಕಿರಣ ದೇವಿಯ ಮೂರ್ತಿಯನ್ನು ಮುಟ್ಟುವ ಕಿರಣೋತ್ಸವದ ಕಾಲವಾದರಂತೂ ಗುಡಿ ಕಟ್ಟಿದವರ ಜಾಣ್ಮೆ ಕಣ್ಣಿಗೇ ಕಾಣುತ್ತದೆ. ಇನ್ನು ಈ ಪ್ರವಾಸದಲ್ಲಿ ಕೊಂಡುತರುವ ಚಪ್ಪಲಿಯ ಮಾತು: 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಕೈಯಿಂದ ಬಂದ ಜೋಡನ್ನೇ ಅಥಣಿಯವರು ಕೊಲ್ಹಾಪುರದಿಂದ ತರುವುದುಂಟು. ಊರಲ್ಲೇ ಹೊಲಿಯುವವರಿಂದ ಕೊಂಡರೆ ಆ ರೊಕ್ಕ ನೇರವಾಗಿ ಅವರ ಕೈ ಸೇರುತ್ತದೆ.

ಈ ಯೋಜನೆಯಲ್ಲಿ ಪೂರ್ತಿ ಬಿಟ್ಟುಹೋದದ್ದು ಮೀರಜ್–ಕೊಲ್ಹಾಪುರ ರೈಲುದಾರಿ. ಉದ್ದ ಬರೀ 47 ಕಿಲೋಮೀಟರ್. ತಿರುಪತಿಗೆ ಹೋಗುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಕೊಲ್ಹಾಪುರದಿಂದ ಹೊರಟು ಈ ದಾರಿಯಲ್ಲೇ ಮೀರಜ್, ಬೆಳಗಾವಿ, ಹುಬ್ಬಳ್ಳಿಗೆ ಬರುತ್ತದೆ. ಆದರೂ ನಮ್ಮವರು ಅದರಲ್ಲಿ ತಿರುಪತಿಗೆ ಹೋಗುತ್ತಾರೆಯೇ ಹೊರತು ಹಗಲಿನ ಪ್ಯಾಸೆಂಜರ್ ಹತ್ತಿ ಕಿಟಕಿಯ ಪಕ್ಕ ಕೂರುವುದಿಲ್ಲ. ಮೀರಜ್ ಬಿಟ್ಟ ಮೇಲೆ ಜಯಸಿಂಗಪುರ ಬರುತ್ತದೆ, ಕೊಲ್ಹಾಪುರ ಸಂಸ್ಥಾನದ ಶಾಹೂ ಮಹಾರಾಜರು ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಪೇಟೆ. ಮುಂದೆ ರುಕಡಿ. ಅದರ ಹತ್ತಿರದ ಮಾಣಗಾಂವದಲ್ಲಿ 1920ರ ಮಾರ್ಚ್ 21 ಮತ್ತು 22ರಂದು ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ತರುಣ ಅಂಬೇಡ್ಕರರನ್ನು ನಿಮ್ಮ ನಾಯಕ ಇವರೇ ಎಂದು ಜನರ ಮುಂದೆ ನಿಲ್ಲಿಸಿದರು. ಇನ್ನೂ ಮುಂದೆ ವಳಿವಡೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮಾರು ಕಳೆದುಕೊಂಡ ಸಾವಿರಾರು ಪೋಲೆಂಡಿನವರು, ಅವರಲ್ಲೂ ಹೆಂಗಸರು ಮತ್ತು ಮಕ್ಕಳು, 1943ರಿಂದ ವರ್ಷಗಟ್ಟಲೆ ಇಲ್ಲಿಯ ಶಿಬಿರದಲ್ಲಿ ಬಾಳಿದರು. ಕೊನೆಗೆ ಗೂಳ್ ಮಾರ್ಕೆಟ್, ಬೆಲ್ಲದ ಪೇಟೆಯ ಹೆಸರಿನದೇ ನಿಲ್ದಾಣ. ಕಬ್ಬಿನ ಹಂಗಾಮಿನಲ್ಲಿ ಈ ದಾರಿಗುಂಟ ಗಾಣದ ಹೊಗೆ ಕಾಣುತ್ತದೆ. ಇಷ್ಟು ಸಣ್ಣ ದಾರಿಯಲ್ಲಿ ಇಷ್ಟೊಂದು ಚರಿತ್ರೆ ಸಿಗುವುದು ನಮ್ಮ ಭಾಗದಲ್ಲಿ ಬೇರೆಲ್ಲೂ ಇಲ್ಲವೆಂದೇ ನಾನು ತಿಳಿದಿದ್ದೇನೆ. ಟಿಕೆಟ್ಟಿನ ಬೆಲೆಯೂ ತೀರ ಕಡಿಮೆ.

ಮೀರಜ್ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ನೋವಿನ ಕಾರಣವೊಂದಿದೆ. ಉತ್ತರ ಕರ್ನಾಟಕದವರ ಮನಸ್ಸಿನಲ್ಲಿ ಮೀರಜ್ ಎಂದರೆ ದವಾಖಾನೆ. 1894ರಲ್ಲಿ ಅಮೆರಿಕದ ಮಿಷನ್ನಿನ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ಊರು ವೈದ್ಯರ ಊರಾಗಿ ಬೆಳೆಯಿತು. ಯಾರದೋ ಆಪರೇಶನ್, ಯಾರದೋ ಕೊನೆಯ ದಿನ ಎಂದು ಇಲ್ಲಿಗೆ ಬಂದವರೇ ಹೆಚ್ಚು. ಅಂಥ ಊರಿಗೆ ಸುಮ್ಮನೆ ತಿರುಗಾಡಲು ಬರಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಹಾಡು ಕೇಳುವವರಿಗೆ ಮೀರಜ್ ತೀರ್ಥಕ್ಷೇತ್ರವೇ ಸರಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಇಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ. ಪ್ರತಿವರ್ಷ ಉರುಸಿನ ಹೊತ್ತಿಗೆ ಅಲ್ಲಿ ಗಾಯಕರು ಸೇರಿ ಹಾಡುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರು ಖಾನಸಾಹೇಬರ ಶಿಷ್ಯರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಧಾರವಾಡ–ಹುಬ್ಬಳ್ಳಿಯ ಹಾಡಿನ ಬೇರು ಹೀಗೆ ಈ ಊರಿನ ಮಣ್ಣಿನಲ್ಲಿದೆ. ದರ್ಗಾದ ಹತ್ತಿರದ ಗಲ್ಲಿಗಳಲ್ಲಿ ತಂಬೂರಿ, ಸಿತಾರ್ ಮಾಡುವ ಮನೆತನಗಳು ಇಂದಿಗೂ ಕೆಲಸ ಮಾಡುತ್ತಿವೆ. ಈ ವಾದ್ಯಗಳಿಗೆಂದು ಪಂಢರಪುರದ ಕಡೆಯಿಂದ ಬಂದ ದೊಡ್ಡ ಕುಂಬಳಬುರುಡೆಗಳು ಒಣಗುತ್ತ ಇರುತ್ತವೆ. ಮೀರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ತಂತಿಯ ನಾದ ಝೇಂಕರಿಸುವಂತೆ ಜವಾರಿ ಕೂಡಿಸುವ ಕುಶಲಕರ್ಮಿಯ ಪಕ್ಕ ಅರ್ಧ ಗಂಟೆ ಕೂತು, ಒಂದೇ ಸ್ವರ ಸ್ವಲ್ಪಸ್ವಲ್ಪವಾಗಿ ಅರಳುವುದನ್ನು ಕೇಳುವುದಕ್ಕೆ ಸಾಟಿಯಾದ ಅನುಭವವನ್ನು ಯಾವ ವ್ಯೂ ಪಾಯಿಂಟೂ ಕೊಡಲಾರದು. ಪಕ್ಕದ ಸಾಂಗಲಿಯೂ ನಮ್ಮವರಿಗೆ ತಿಳಿದಿರಬೇಕಾದ ಊರು. ಹೊನ್ನಾವರ ಕಡೆಯ ಕರ್ಕಿಯ ಯಕ್ಷಗಾನ ಮೇಳ ಇಲ್ಲಿ ಆಡಿದ ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಅಂಥದ್ದು ಬೇಕೆಂದರು. 1843ರಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಮೊದಲ ಹೆಜ್ಜೆ ಅದು.

ಖಿದ್ರಾಪುರವನ್ನು "ಹೊತ್ತು ಉಳಿದರೆ" ಎಂಬ ಸಾಲಿಗೆ ತಳ್ಳಿರುವುದು ಪಟ್ಟಿಯ ಇನ್ನೊಂದು ದೊಡ್ಡ ತಪ್ಪು. ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯ ಸ್ವರ್ಗಮಂಟಪಕ್ಕೆ ನಡುವೆ ಚಾವಣಿಯಿಲ್ಲ, ದುಂಡಗೆ ತೆರೆದ ಆಕಾಶವಿದೆ. ಕಂಬಗಳ ಮೇಲೆ ಬೆಳಕು ಸರಿಯುವುದನ್ನು ನೋಡದಿದ್ದರೆ ಆ ಗುಡಿಯನ್ನು ನೋಡಿದಂತಾಗುವುದಿಲ್ಲ. ಅಲ್ಲಿ ಕನ್ನಡ ಶಾಸನಗಳಿವೆ, ನದಿಯ ಆಚೆ ದಂಡೆಯಲ್ಲಿ ಕರ್ನಾಟಕವಿದೆ. ಕತ್ತಲಾದ ಮೇಲೆ ಮೊಬೈಲಿನ ದೀಪ ಹಿಡಿದು ಓಡಿಬರುವ ಜಾಗ ಅದಲ್ಲ.

ಕೊನೆಯ ತಕರಾರು ಎಲ್ಲಕ್ಕಿಂತ ಗಂಭೀರವಾದುದು. ಹಸಿರು ನೋಡಲು ಜುಲೈ–ಆಗಸ್ಟೇ ಒಳ್ಳೆಯದೆಂದು ಗಗನಬಾವಡಾ, ರಾಧಾನಗರಿ, ಅಂಬಾ ಘಟ್ಟದ ಕಡೆ ಗಾಡಿ ಬಿಡುವವರು ಹೆಚ್ಚಾಗಿದ್ದಾರೆ. ಕೃಷ್ಣೆಯ ದಂಡೆಯಲ್ಲಿರುವ ನಮಗೆ ಘಟ್ಟ ಬರೀ ನೋಟವಲ್ಲ. ಅಲ್ಲಿ ಸುರಿದ ಮಳೆ ಕೊಯ್ನಾ, ವಾರಣಾ, ಪಂಚಗಂಗೆಯಾಗಿ ಇಳಿದು ನಮ್ಮ ಹೊಲಗಳಿಗೆ ಬರುತ್ತದೆ. ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಕೇಳಿಯೇ ನಾವು ದನಗಳನ್ನು ಎತ್ತರದ ಜಾಗಕ್ಕೆ ಸಾಗಿಸುವುದು. ಸಾಂಗಲಿಯ ಅಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. ಆಗ ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಹತ್ತಿರ ದಿನಗಟ್ಟಲೆ ಬಂದ್ ಆಗಿ, ಪ್ರವಾಸಿಗರ ಗಾಡಿಗಳೂ ಔಷಧದ ಲಾರಿಗಳೂ ಒಂದೇ ಸಾಲಿನಲ್ಲಿ ನಿಂತವು. 2021ರ ಜುಲೈನಲ್ಲಿ ಹೊಳೆ ಮತ್ತೆ ಹಾಗೆಯೇ ಬಂತು. ಅಂಥ ದಿನಗಳಲ್ಲಿ ರಸ್ತೆಗಿಳಿಯುವ ಪ್ರತಿ ಹೆಚ್ಚುವರಿ ಗಾಡಿ ಪರಿಹಾರದ ಕೆಲಸಕ್ಕೆ ಅಡ್ಡಿ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಎರಡು ದಿನಕ್ಕೆ ಒಂದು ಊರು, ಒಂದು ಗುಡ್ಡ ಸಾಕೆಂದು ಇಟ್ಟುಕೊಳ್ಳಿ. ಬೆಳಗಾವಿಯಿಂದ ರೈಲಿನಲ್ಲಿ ಮೀರಜಿಗೆ ಬನ್ನಿ, ಹಗಲಿನ ಪ್ಯಾಸೆಂಜರಿನಲ್ಲಿ ಕೊಲ್ಹಾಪುರಕ್ಕೆ ಹೋಗಿ, ರಾತ್ರಿ ಪನ್ಹಾಳದಲ್ಲಿ ತಂಗಿ. ವಾಡಿ, ಖಿದ್ರಾಪುರಗಳನ್ನು ಇನ್ನೊಂದು ಸಲಕ್ಕೆಂದು ಉಳಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಚೆನ್ನಾಗಿರುತ್ತದೆ, ಬೆಲ್ಲದ ಹಂಗಾಮೂ ಆಗಲೇ. ಮಳೆಗಾಲದಲ್ಲೇ ಬರಬೇಕೆಂದಿದ್ದರೆ ಹೊರಡುವ ಹಿಂದಿನ ದಿನ ಎರಡು ಅಂಕಿ ನೋಡಿ: ಸಾಂಗಲಿಯ ಅಯರ್ವಿನ್ ಸೇತುವೆಯಲ್ಲಿ 40 ಅಡಿ, ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ. ನೀರು ಅದರ ಹತ್ತಿರ ಬಂದಿದ್ದರೆ ಪ್ರವಾಸ ಮುಂದೂಡಿ.