ಖಿದ್ರಾಪುರದ ಸಂಸ್ಕೃತ ಶಾಸನ: ಒಂದು ವಿಮರ್ಶೆ

ಕಾಗವಾಡ ತಾಲ್ಲೂಕಿನ ಜುಗೂಳ ಗ್ರಾಮಕ್ಕೆ ಎದುರಾಗಿ, ಕೃಷ್ಣಾನದಿಯ ಆಚೆಯ ದಡದಲ್ಲಿ ಖಿದ್ರಾಪುರವೆಂಬ ಪುರಾತನ ಗ್ರಾಮವಿರುವುದು. ಅದು ಈಗ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದೆ. ಅಲ್ಲಿಯ ಕೊಪ್ಪೇಶ್ವರ ದೇವಾಲಯದ ಶಿಲ್ಪವನ್ನೂ, ಮೇಲೆ ವರ್ತುಲಾಕಾರವಾಗಿ ಆಕಾಶಕ್ಕೆ ತೆರೆದಿರುವ ಸ್ವರ್ಗಮಂಟಪವನ್ನೂ ವರ್ಣಿಸಿದವರು ಅನೇಕರು. ಆದರೆ ದಕ್ಷಿಣದ ಬಾಗಿಲ ಬಳಿ ಹೊರಗೋಡೆಯಲ್ಲಿರುವ ಸಂಸ್ಕೃತ ಶಾಸನವನ್ನು ಅದಕ್ಕೆ ಸಲ್ಲತಕ್ಕ ಎಚ್ಚರದಿಂದ ಓದಿದವರು ವಿರಳ. ಆ ಶಾಸನವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಂಗಡಿಸುವುದೇ ಈ ಲೇಖನದ ಉದ್ದೇಶ.

ದೇವಾಲಯದಲ್ಲಿ ಸುಮಾರು ಹನ್ನೆರಡು ಶಾಸನಗಳಿವೆ. ಅವುಗಳಲ್ಲಿ ಹೆಚ್ಚಿನವು ಸವೆದುಹೋಗಿವೆ. ಒಂದನ್ನುಳಿದು ಮಿಕ್ಕವೆಲ್ಲವೂ ಕನ್ನಡದವು. ಆ ಒಂದು ದೇವಗಿರಿಯ ಯಾದವ ಚಕ್ರವರ್ತಿ ಎರಡನೆಯ ಸಿಂಘಣನದು. ಭಾಷೆ ಸಂಸ್ಕೃತ, ಲಿಪಿ ನಾಗರಿ, ಕಾಲ ಶಕ 1136, ಅಂದರೆ ಕ್ರಿ. ಶ. 1213-14. ಇದನ್ನು ಮೊದಲು ವಿದ್ವತ್ಪ್ರಪಂಚಕ್ಕೆ ಪರಿಚಯಿಸಿದವರಲ್ಲಿ ಡಾ. ಫ್ಲೀಟರು ಮುಖ್ಯರು. ಮಿರಿಂಜೆ ದೇಶದ ಕೂಡಲದಾಮವಾಡವೆಂಬ ಗ್ರಾಮವನ್ನು ಜುಗುಳ, ಸಿರಿಗುಪ್ಪಗಳೊಡನೆ ಕೊಪ್ಪೇಶ್ವರ ದೇವರಿಗೆ ದತ್ತಿಯಾಗಿ ಬಿಟ್ಟುದೇ ಶಾಸನದ ವಿಷಯ.

ಮೊದಲು ಕಾಲವನ್ನು ವಿಚಾರಿಸೋಣ. ಈ ಪ್ರಾಂತವು ಅದಕ್ಕೆ ಮುಂಚೆ ಕೊಲ್ಲಾಪುರದ ಶಿಲಾಹಾರರ ವಶದಲ್ಲಿತ್ತು. ಪನ್ಹಾಳದ ದುರ್ಗದಲ್ಲಿದ್ದ ಎರಡನೆಯ ಭೋಜನನ್ನು ಸಿಂಘಣನು ಸೋಲಿಸಿ ಆ ವಂಶದ ಆಳ್ವಿಕೆಯನ್ನು ಕೊನೆಗಾಣಿಸಿದನು. ಆದುದರಿಂದ ಈ ದತ್ತಿಯು ಹೊಸ ಪ್ರಭುವು ಹಳೆಯ ದೇವರಿಗೆ ಸಲ್ಲಿಸಿದ ಗೌರವ. ಅಂತೆಯೇ ಕೃಷ್ಣೆಯ ಈ ತೀರದಲ್ಲಿ ತನ್ನ ಅಧಿಕಾರವು ನೆಲೆಗೊಂಡಿತೆಂಬುದರ ಪ್ರಕಟನೆ. ಇಷ್ಟನ್ನು ನಿಸ್ಸಂಶಯವಾಗಿ ಹೇಳಬಹುದು.

ಆದರೆ ಕೆಲವರು ಇನ್ನೂ ಮುಂದೆ ಹೋಗಿ, ಕನ್ನಡ ಶಾಸನಗಳ ನಡುವೆ ಸಂಸ್ಕೃತ ಶಾಸನವು ಬಂದುದರಿಂದ ಇಲ್ಲಿಯ ಜನರ ಭಾಷೆಯೇ ಆಗ ಬದಲಾಯಿತೆಂದು ಊಹಿಸುವುದುಂಟು. ಈ ಊಹೆ ಗ್ರಾಹ್ಯವಲ್ಲ. ಶಿಲಾಹಾರರ ಕಾಲದಲ್ಲಿಯೇ, ವಿಜಯಾದಿತ್ಯನ ಕೊಲ್ಲಾಪುರದ (1143) ಹಾಗೂ ಬಾಮಣಿಯ (1151) ಶಾಸನಗಳು ಸಂಸ್ಕೃತದಲ್ಲಿವೆ. ಅತ್ತ ಸಿಂಘಣನ ಕಾಲದ ಶಾಸನಗಳು ಕನ್ನಡನಾಡಿನಲ್ಲಿ ಕನ್ನಡದಲ್ಲಿಯೇ ಹೇರಳವಾಗಿ ದೊರೆಯುತ್ತವೆ. ರಾಜಶಾಸನದ ಭಾಷೆಯು ಆಸ್ಥಾನದ ರೂಢಿಯನ್ನು ತಿಳಿಸುತ್ತದೆಯೇ ಹೊರತು ಹೊಲಗೇರಿಗಳ ಮಾತನ್ನು ತಿಳಿಸಲಾರದು.

ಆ ಮಾತನ್ನು ತಿಳಿಯಬೇಕಾದರೆ ಶಾಸನದ ಊರುಗಳ ಹೆಸರನ್ನು ನೋಡಬೇಕು. ಕೂಡಲು ಎಂದರೆ ಎರಡು ಹೊಳೆಗಳು ಸೇರುವ ಎಡೆ. ಅದು ಅಚ್ಚಗನ್ನಡ ಶಬ್ದ. ಸಿರಿಗುಪ್ಪದ ‘ಸಿರಿ’ಯು ‘ಶ್ರೀ’ ಶಬ್ದದ ತದ್ಭವ. ಸಂಸ್ಕೃತವನ್ನು ಬಲ್ಲ ಶಾಸನಕಾರನಿಗೆ ‘ಶ್ರೀ’ ಎಂದು ತಿದ್ದಿ ಬರೆಯುವುದು ಕಷ್ಟವೇನೂ ಆಗಿರಲಿಲ್ಲ. ಹಾಗೆ ಮಾಡದೆ ಜನರ ಬಾಯಲ್ಲಿದ್ದ ರೂಪವನ್ನೇ ಉಳಿಸಿದ್ದಾನೆ. ಏಕೆಂದರೆ ದತ್ತಿಯ ಊರು ಗುರುತು ಸಿಗದೆ ಹೋದರೆ ದತ್ತಿಯೇ ನಿಷ್ಫಲ. ಜುಗೂಳ, ಶಿರಗುಪ್ಪಿ ಎಂಬ ಹೆಸರುಗಳು ಎಂಟು ಶತಮಾನಗಳ ಮೇಲೆಯೂ ಕಾಗವಾಡ ತಾಲ್ಲೂಕಿನಲ್ಲಿ ಉಳಿದಿವೆ. ದೂಧಗಂಗೆಯ ತೀರದ ದಾನವಾಡವು ಶಾಸನೋಕ್ತ ದಾಮವಾಡವೇ ಇರಬಹುದೆಂದು ತೋರುತ್ತದೆ. ಆದರೆ ಇದು ಧ್ವನಿಸಾಮ್ಯದಿಂದ ಹುಟ್ಟಿದ ಊಹೆಮಾತ್ರ.

ಇನ್ನು ದೇವರ ಹೆಸರು. ದಕ್ಷಯಜ್ಞದ ಪ್ರಸಂಗದಲ್ಲಿ ಸತಿಯನ್ನು ಕಳೆದುಕೊಂಡ ಶಿವನು ಕೋಪಗೊಂಡು ಇಲ್ಲಿಗೆ ಬಂದುದರಿಂದ ‘ಕೋಪೇಶ್ವರ’ನಾದನೆಂದೂ, ಸತಿಯು ನಂದಿಯನ್ನೇರಿ ತವರಿಗೆ ಹೋದುದರಿಂದ ಈ ಗುಡಿಯಲ್ಲಿ ನಂದಿಯಿಲ್ಲವೆಂದೂ, ಆ ನಂದಿಯು ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿರುವುದೆಂದೂ ಸ್ಥಳಪುರಾಣವು ಹೇಳುತ್ತದೆ. ಕಥೆ ರಮ್ಯವಾದುದು, ನದಿಯ ಎರಡು ದಡಗಳ ಭಕ್ತರನ್ನು ಒಂದುಗೂಡಿಸಿದ ಕಥೆಯಾದುದರಿಂದ ಆದರಣೀಯವೂ ಅಹುದು. ಆದರೆ ಅದು ಶಬ್ದದ ನಿಷ್ಪತ್ತಿಗೆ ಪ್ರಮಾಣವಾಗಲಾರದು. ಶಾಸನದಲ್ಲಿರುವುದು ಪಕಾರ ದ್ವಿತ್ವವುಳ್ಳ ‘ಕೊಪ್ಪೇಶ್ವರ’. ಸಣ್ಣ ಹಳ್ಳಿಯೆಂಬ ಅರ್ಥದ ‘ಕೊಪ್ಪ’ವು ಕನ್ನಡದಲ್ಲಿ ಸುಪ್ರಸಿದ್ಧ. ಕೊಪ್ಪದ ಈಶ್ವರನು ಕೊಪ್ಪೇಶ್ವರ; ಕನ್ನಡದ ಶಬ್ದವು ಮರೆತ ಮೇಲೆ ಸಂಸ್ಕೃತದ ‘ಕೋಪ’ವು ಅದರ ಸ್ಥಾನಕ್ಕೆ ಬಂದಿತೆಂಬುದೇ ಸಹಜ.

ಈ ‘ಕೊಪ್ಪ’ವನ್ನು ಹಿಡಿದು ಇನ್ನೊಂದು ದೊಡ್ಡ ವಾದವು ಎದ್ದಿದೆ. ಸುಮಾರು 1054ರಲ್ಲಿ ಚಾಳುಕ್ಯ ಆಹವಮಲ್ಲ ಸೋಮೇಶ್ವರನಿಗೂ ಚೋಳರಿಗೂ ಕೊಪ್ಪಂ ಎಂಬಲ್ಲಿ ಘೋರ ಯುದ್ಧ ನಡೆದು, ಚೋಳ ರಾಜಾಧಿರಾಜನು ಮಡಿದು, ಅವನ ತಮ್ಮ ರಾಜೇಂದ್ರನು ರಣಾಂಗಣದಲ್ಲಿಯೇ ಪಟ್ಟವೇರಿದನು. ಚೋಳಶಾಸನಗಳು ಆ ಕೊಪ್ಪಮನ್ನು ಮಹಾನದಿಯ ತೀರದಲ್ಲಿದ್ದುದಾಗಿ ಹೇಳುತ್ತವೆ. ಫ್ಲೀಟರು ಅದು ಖಿದ್ರಾಪುರವೇ ಎಂದರು, ಇತರರು ಕೊಪ್ಪಳವೆಂದರು. ಕೃಷ್ಣೆಯ ತೀರವೂ, ಕೊಲ್ಲಾಪುರದಲ್ಲಿ ಜಯಸ್ತಂಭ ನೆಟ್ಟೆವೆಂಬ ಚೋಳರ ಹೇಳಿಕೆಯೂ ಮೊದಲ ಪಕ್ಷಕ್ಕೆ ಬಲವೀಯುತ್ತವೆ. ಆದರೆ ಪ್ರಕೃತ ಶಾಸನವು ಯುದ್ಧಕ್ಕಿಂತ ಸುಮಾರು 160 ವರ್ಷ ಈಚಿನದು; ಕೊಪ್ಪ ಎಂಬ ಹೆಸರಿನ ಊರುಗಳೂ ಕನ್ನಡನಾಡಿನಲ್ಲಿ ಒಂದೆರಡಲ್ಲ. ಆದಕಾರಣ ಇದು ಆ ವಾದಕ್ಕೆ ಅವಕಾಶವನ್ನೀಯುತ್ತದೆ, ನಿರ್ಣಯವನ್ನೀಯುವುದಿಲ್ಲ. ಸಾಧ್ಯತೆಯನ್ನು ಸಿದ್ಧಾಂತವೆಂದು ಪಾಠ ಹೇಳುವುದು ವಿದ್ಯಾರ್ಥಿಗಳಿಗೆ ಮಾಡುವ ಅಪಚಾರವೇ ಸರಿ.

ತಾತ್ಪರ್ಯವೇನೆಂದರೆ, ಈ ಶಾಸನದ ಮೈ ಸಂಸ್ಕೃತದ್ದು, ಅದು ನಿಂತ ನೆಲ ಕನ್ನಡದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಎರಡೂ ತಿಳಿಯವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದೇವಾಲಯವು ನದಿಯ ಆಚೆಯ ಪ್ರಾಂತಕ್ಕೂ, ಜುಗೂಳ ಶಿರಗುಪ್ಪಿಗಳು ಈಚೆಯ ಪ್ರಾಂತಕ್ಕೂ ಸೇರಿದುವು. ಆಡಳಿತಕ್ಕೆ ಗಡಿಯು ಅವಶ್ಯವಾಗಿರಬಹುದು. ಆದರೆ ದೇವರನ್ನೂ ದೇವರ ಊರುಗಳನ್ನೂ ಒಂದೇ ಕಲ್ಲಿನಲ್ಲಿ ಬರೆದಿಟ್ಟ ಶಾಸನವನ್ನು ಓದುವವರಿಗೆ ಅದು ಎಲ್ಲೆಯಾಗಬಾರದು. ಅಲ್ಲಿಯ ಕನ್ನಡ ಶಾಸನಗಳಲ್ಲಿ ಓದಲು ಬರುವ ಅಕ್ಷರಗಳು ಇನ್ನೂ ಸವೆಯುವ ಮುನ್ನ, ಉಭಯ ಭಾಷೆಗಳನ್ನು ಬಲ್ಲ ಪಂಡಿತರು ಎರಡು ದಡಗಳಿಂದಲೂ ಕೂಡಿ ಅವನ್ನು ಪರಿಶೋಧಿಸುವುದು ಅತ್ಯಾವಶ್ಯಕ.