ತಡವಾಗಿ ಕಂಡ 'ತಬರನ ಕಥೆ'

ಕೆಲವು ಕೃತಿಗಳನ್ನು ಜನರು ನೋಡಿ ತಿರಸ್ಕರಿಸುವುದಿಲ್ಲ, ನೋಡದೆಯೇ ಬದಿಗಿರಿಸುತ್ತಾರೆ. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ಅಂತಹ ಉಪೇಕ್ಷೆಗೆ ಒಳಗಾದ ಚಿತ್ರಗಳಲ್ಲೊಂದು. 1986ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಸಂದಿತು. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆ ಗೌರವವೇ ಚಿತ್ರಕ್ಕೂ ಸಾಮಾನ್ಯ ಪ್ರೇಕ್ಷಕರಿಗೂ ನಡುವೆ ಅಡ್ಡಗೋಡೆಯಾಯಿತು. ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ತೋರಿಸುತ್ತಿದ್ದ ಆ ಕಾಲದಲ್ಲಿ, ಪ್ರಶಸ್ತಿ ಪಡೆದ ಚಿತ್ರವೆಂದರೆ ಮಂದಗತಿಯದು, ಮನೆಮಂದಿಯೆಲ್ಲ ಕೂಡಿ ನೋಡತಕ್ಕದ್ದಲ್ಲ ಎಂಬ ಭಾವನೆ ಅನೇಕರಲ್ಲಿ ಬೇರೂರಿತ್ತು.

ಈ ಉಪೇಕ್ಷೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿಯೂ ಇದ್ದರೆ ಅದು ಸೋಜಿಗದ ಸಂಗತಿ. ಏಕೆಂದರೆ ಕಥೆಯ ಕರ್ತೃ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, 2007ರಲ್ಲಿ ನಿಧನರಾಗುವವರೆಗೂ ಅಲ್ಲಿಯೇ ಬಾಳಿದವರು. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿರುವ ಈ ಕಥೆ ಮಲೆನಾಡಿನ ಸಣ್ಣ ಊರುಗಳ ಬದುಕನ್ನು ಹತ್ತಿರದಿಂದ ಬಲ್ಲ ಲೇಖನಿಯಿಂದ ಬಂದದ್ದು.

ತಬರ ಕೆಳದರ್ಜೆಯ ನೌಕರ. ಸ್ವಾತಂತ್ರ್ಯಕ್ಕೆ ಮೊದಲಿನ ಆಡಳಿತದಲ್ಲಿಯೂ ಅನಂತರದ ಆಡಳಿತದಲ್ಲಿಯೂ ನಿಷ್ಠೆಯಿಂದ ದುಡಿದವನು. ತೆರಿಗೆ ವಸೂಲಿಯ ಕೆಲಸದಲ್ಲಿ ಉಂಟಾದ ಲೆಕ್ಕದ ತೊಡಕು ಅವನ ನಿವೃತ್ತಿವೇತನಕ್ಕೆ ಅಡ್ಡಿಯಾಗುತ್ತದೆ. ಇತ್ತ ಮಧುಮೇಹದಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ. ಅದನ್ನು ಕತ್ತರಿಸದಿದ್ದರೆ ಜೀವ ಉಳಿಯದು, ಚಿಕಿತ್ಸೆಗೆ ಹಣವಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಸೋತ ತಬರ ಕೊನೆಗೆ ಕಟುಕನ ಮುಂದೆ ನಿಂತು, ಅವಳ ಕಾಲನ್ನು ಕತ್ತರಿಸಿಕೊಡು ಎಂದು ಅಂಗಲಾಚುತ್ತಾನೆ.

ಈ ದೃಶ್ಯವನ್ನು ಕುರಿತು ಕೇಳಿಯೇ ಚಿತ್ರವನ್ನು ನೋಡಲೊಲ್ಲದವರು ಇರಬಹುದು. ಆದರೆ ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಇಲ್ಲಿನ ಹಿಂಸೆ ಕಟುಕನ ಕತ್ತಿಯದಲ್ಲ. ತಬರನನ್ನು ದ್ವೇಷಿಸುವ ಖಳನಾಯಕನನ್ನು ಹುಡುಕಿದರೆ ಸಿಗುವುದಿಲ್ಲ. ಒಬ್ಬರು ನಿಯಮವನ್ನು ತೋರಿಸುತ್ತಾರೆ, ಇನ್ನೊಬ್ಬರು ಮತ್ತೊಂದು ಮೇಜಿನತ್ತ ಕೈಮಾಡುತ್ತಾರೆ. ಪ್ರತಿಯೊಬ್ಬರ ಪಾಲಿನ ತಪ್ಪೂ ಅತಿ ಸಣ್ಣದು. ಎಲ್ಲವೂ ಕೂಡಿದಾಗ ಒಂದು ಜೀವ ಹೋಗುತ್ತದೆ. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಗುರುತಿಸುವ ವಿಚಾರವನ್ನು ಕೇಳುತ್ತ ಬಂದವರಿಗೆ ಈ ಚಿತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂದಗತಿಯ ಆಕ್ಷೇಪಕ್ಕೂ ಉತ್ತರ ಇದರಲ್ಲಿಯೇ ಇದೆ. ಕಾಯುವುದೇ ಇಲ್ಲಿಯ ಕಥಾವಸ್ತು. ಆ ಕಾಯುವಿಕೆಯನ್ನು ಅವಸರದಲ್ಲಿ ತೋರಿಸಿದರೆ ಕಡತ ಮುಂದೆ ಸಾಗದ ದಿನಗಳ ಭಾರ ಪ್ರೇಕ್ಷಕನ ಅನುಭವಕ್ಕೆ ಬಾರದು. ಚಾರುಹಾಸನ್ ಅವರ ಅಭಿನಯದಲ್ಲಿ ಅಬ್ಬರವಿಲ್ಲ. ವಿಧೇಯತೆಯೇ ಅಭ್ಯಾಸವಾದ ಮನುಷ್ಯನ ಮುಖದಲ್ಲಿ ನಂಬಿಕೆ ಮೆಲ್ಲಮೆಲ್ಲನೆ ಆರಿಹೋಗುತ್ತದೆ. ತೇಜಸ್ವಿಯವರ ಬರವಣಿಗೆಯಲ್ಲಿ ದುಃಖದ ನಡುವೆಯೂ ಇಣುಕುವ ವಿನೋದ ಚಿತ್ರದಲ್ಲಿ ಅಷ್ಟಾಗಿ ಉಳಿದಿಲ್ಲವೆಂಬುದು ಮಾತ್ರ ಒಂದು ಕೊರತೆಯೇ ಸರಿ.

ನಿವೃತ್ತಿವೇತನವು ಒಡೆಯನ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಸಾರಿತ್ತು. ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ಅದು ಸಕಾಲದಲ್ಲಿ ಕೈಸೇರಬೇಕು ಎಂಬುದನ್ನು ತಬರನ ಅಲೆದಾಟ ತೋರಿಸುತ್ತದೆ.

ಈ ಚಿತ್ರವನ್ನು ಸರಕಾರಿ ಕಚೇರಿಗಳ ಮೇಲಿನ ದೂರು ಎಂದಷ್ಟೇ ತಿಳಿದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ತೋಟಗಳಲ್ಲಿಯೂ ಲೆಕ್ಕದ ಪುಸ್ತಕಗಳಿವೆ. ದೇವಾಲಯದ ಆಡಳಿತ ಮಂಡಳಿಗಳಲ್ಲಿಯೂ ಮುಂದಿನ ಸಭೆಗೆಂದು ಎತ್ತಿಟ್ಟ ಅರ್ಜಿಗಳಿವೆ. ಹಳೆಯ ಆಳಿನ ಬಾಕಿ, ಅರ್ಚಕರ ಔಷಧದ ವೆಚ್ಚ, ವಿಧವೆಯೊಬ್ಬಳ ಸಹಾಯಧನದ ಕೋರಿಕೆ, ಇವುಗಳ ಮೇಲೆ ಸಹಿ ಬೀಳಬೇಕಾದದ್ದು ಇಂದೋ ನಾಳೆಯೋ ಎಂಬುದು ಸಹಿ ಮಾಡುವವರಿಗೆ ಸಣ್ಣ ವಿಷಯವಾಗಿ ಕಾಣಬಹುದು. ಹೊರಗೆ ನಿಂತು ಕಾಯುವವರಿಗೆ ಅದು ಸಣ್ಣದಲ್ಲ. ಬಹುಕಾಲ ಬದಿಗಿರಿಸಿದ ಈ ಚಿತ್ರವನ್ನು ಈಗಲಾದರೂ ನೋಡಬೇಕಾದ ಕಾರಣ ಇದೇ.