‘ಮೂನ್‌ಸ್ಟೋನ್’ ಕಾದಂಬರಿಯ ನಿರೂಪಣೆ

1799ರಲ್ಲಿ ಶ್ರೀರಂಗಪಟ್ಟಣದ ಪತನದಂದು ನಡೆದ ಒಂದು ಕಳವಿನ ಕಲ್ಪಿತ ಪ್ರಸಂಗದಿಂದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಆರಂಭವಾಗುತ್ತದೆ. 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಈ ಕೃತಿಯನ್ನು ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಮೊದಲ ಸಾಲಿನಲ್ಲಿ ಎಣಿಸುತ್ತಾರೆ.

ವಜ್ರವನ್ನು ಕದ್ದವರಾರೆಂಬ ಕುತೂಹಲಕ್ಕಿಂತ ಅದನ್ನು ಹೇಳುವ ಬಗೆಯೇ ನನ್ನನ್ನು ಸೆಳೆಯಿತು. ಕಥೆಯೊಳಗಿನವರೇ ಒಬ್ಬರಾದಮೇಲೊಬ್ಬರು, ತಾವು ಕಂಡುದನ್ನಷ್ಟೇ ಹೇಳಬೇಕೆಂಬ ಕಟ್ಟಳೆಗೊಳಪಟ್ಟು, ಸಾಕ್ಷಿ ನುಡಿಯುತ್ತಾರೆ. ಮನೆವಾರ್ತೆ ನೋಡುವ ವೃದ್ಧ ಸೇವಕ ಬೆಟರೆಜ್ ಮಾತುಮಾತಿಗೆ ದಾರಿ ತಪ್ಪುತ್ತಾನೆ. ಸಂಕಟ ಬಂದಾಗ ‘ರಾಬಿನ್‌ಸನ್ ಕ್ರೂಸೋ’ ತೆರೆದು ಶಕುನ ನೋಡುತ್ತಾನೆ. ಈ ಹರಟೆ ಬೇಸರವೆನಿಸಿದರೂ ವಿದ್ಯಾರ್ಥಿಗಳು ಪುಟ ಹಾರಿಸಬಾರದು. ಫ್ರಾಂಕ್ಲಿನ್ ಬ್ಲೇಕ್ ಹೊಗೆಸೊಪ್ಪು ಬಿಟ್ಟು ನಿದ್ದೆಗೆಟ್ಟುದನ್ನು, ಊಟದ ವೇಳೆ ವೈದ್ಯನೊಡನೆ ವಾದಕ್ಕಿಳಿದುದನ್ನು ಆತ ಹರಟೆಯ ನಡುವೆಯೇ ಹೇಳಿಬಿಡುತ್ತಾನೆ. ರಹಸ್ಯದ ಬೀಗದ ಕೈ ಅದೇ ಎಂದು ತಿಳಿಯುವುದು ನೂರಾರು ಪುಟಗಳ ಮೇಲೆ.

ಅನಂತರ ಬರುವ ಕುಮಾರಿ ಕ್ಲ್ಯಾಕ್, ಸಾಯುವ ಸ್ಥಿತಿಯಲ್ಲಿರುವ ಬಂಧುವಿನ ಮನೆಯ ಮೂಲೆಮೂಲೆಯಲ್ಲಿ ಧರ್ಮಬೋಧೆಯ ಕಿರುಹೊತ್ತಗೆಗಳನ್ನು ಅಡಗಿಸಿಡುತ್ತಾಳೆ. ಅವಳ ವಿನಯದ ವಾಕ್ಯಗಳಲ್ಲೆಲ್ಲ ಹೊಟ್ಟೆಕಿಚ್ಚು ಇಣುಕುತ್ತದೆ. ಭಕ್ತಿಯ ಅಪಹಾಸ್ಯವೆಂದು ಕೆಲವರು ನೊಂದಾರು. ನನಗೆ ಹಾಗೆ ಕಾಣಲಿಲ್ಲ. ಚಾಟಿ ಬಿದ್ದಿರುವುದು ಡಾಂಭಿಕತೆಯ ಬೆನ್ನಿಗೆ. ಆದರೆ ವಿನೋದ ತುಸು ಅತಿಯಾಗಿ ಬೆಳೆದಿದೆ, ನಿಜ.

ನಿಜವಾದ ಕೊರತೆ ಬೇರೆ. ವಜ್ರವನ್ನರಸಿ ಸಮುದ್ರ ದಾಟಿ ಬಂದ ಮೂವರು ಬ್ರಾಹ್ಮಣರಿಗೆ ಸಾಕ್ಷಿ ಹೇಳುವ ಸರದಿ ಬರುವುದೇ ಇಲ್ಲ. ಅದು ದೇವರ ಹಣೆಗೆ ಮರಳಿದುದನ್ನೂ ಆಂಗ್ಲ ಪ್ರವಾಸಿಯೊಬ್ಬನೇ ವರದಿ ಮಾಡುತ್ತಾನೆ. ಕೊಲೆಗೈದು ವಜ್ರ ದೋಚಿದ ಹರ್ನ್‌ಕ್ಯಾಸಲ್‌ನ ಪಾತಕವನ್ನು ಮೊದಲ ಪುಟಗಳಲ್ಲೇ ಮುಚ್ಚುಮರೆಯಿಲ್ಲದೆ ತೋರಿಸಿದ ಲೇಖಕ, ಕಳೆದುಕೊಂಡವರ ಬಾಯಿಂದ ಒಂದು ಅಧ್ಯಾಯವನ್ನಾದರೂ ನುಡಿಸಬಹುದಿತ್ತು.